ಉಚ್ಚಂಗಮ್ಮನ ನಾಲ್ಕು ಮೊಣಕಾಲು

2025ರ ಜೂನ್ 10, ಮಂಗಳವಾರ, ಬೆಳಿಗ್ಗೆ 10.40. ದಾವಣಗೆರೆಯ ಠಾಣೆಗೆ ಹರಿಹರ ತಾಲ್ಲೂಕಿನ ಕೊಕ್ಕನೂರಿನಿಂದ ಗಂಡ ಹೆಂಡತಿ ಬಂದರು. ಗಂಡ ಗುತ್ತೆಪ್ಪ, ಅರವತ್ತೆಂಟು ವರ್ಷ, ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಒಳಗೆ ಬಂದವರು ಕೂರದೆ ನೆಟ್ಟಗೆ ನಿಂತೇ ಇದ್ದರು. ಹೆಂಡತಿ ಉಚ್ಚಂಗಮ್ಮ ಮಾತ್ರ ಬೆಂಚಿನ ಮೇಲೆ ಕುಸಿದು ಎರಡೂ ಕಾಲನ್ನು ಮುಂದಕ್ಕೆ ಚಾಚಿದರು. ಮಡಚಿದರೆ ಮತ್ತೆ ಏಳುವುದು ಕಷ್ಟ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಇನ್‌ಸ್ಪೆಕ್ಟರ್ ತಿಪ್ಪೇರುದ್ರಪ್ಪ ಚಹಾದ ಲೋಟ ಪಕ್ಕಕ್ಕಿಟ್ಟರು.

“ಹೇಳ್ರಿ ಯಜಮಾನ್ರೇ. ಏನಾಯ್ತು?”

“ಸರ್, ನನ್ನ ಹೆಂಡ್ತಿ ಮೊಣಕಾಲು ಕಳುವಾಗ್ಯಾವೆ.”

ಹೆಡ್ ಕಾನ್‌ಸ್ಟೇಬಲ್ ಮೈಲಪ್ಪ ಕತ್ತು ಚಾಚಿ ಬೆಂಚಿನತ್ತ ನೋಡಿದರು. “ಅಲ್ಲೇ ಅದಾವಲ್ರಿ.”

“ಇವು ಹಳೇವು ಕಣಪ್ಪ,” ಅಂದರು ಉಚ್ಚಂಗಮ್ಮ. “ಹೊಸವು ಕಳುವಾಗ್ಯಾವೆ.”

ತಿಪ್ಪೇರುದ್ರಪ್ಪನವರು ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಎಮ್ಮೆಯಿಂದ ಹಿಡಿದು ಕೊಳವೆಬಾವಿಯ ಮೋಟಾರಿನವರೆಗೆ ಎಲ್ಲ ಥರದ ಕಳ್ಳತನ ಬರೆದುಕೊಂಡಿದ್ದವರು. ಇದು ಹೊಸದು. ನಗಬೇಕೋ ಬೇಡವೋ ತಿಳಿಯದೆ ಪೆನ್ನು ತೆಗೆದರು. ಅರ್ಧ ಗಂಟೆ ಕೇಳಿದ ಮೇಲೆ ನಗು ತಾನಾಗಿಯೇ ಹೋಯಿತು.

ಮಾಜಿ ಸೈನಿಕರಿಗೆ ಸರ್ಕಾರದ ಆರೋಗ್ಯ ಯೋಜನೆಯ ಕಾರ್ಡು ಇರುತ್ತದೆ. ಅವರ ಪಾಲಿಕ್ಲಿನಿಕ್ಕಿನ ಡಾಕ್ಟರು ಚೀಟಿ ಬರೆದುಕೊಟ್ಟರೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತದೆ. ಬಿಲ್ಲು ಸರ್ಕಾರಕ್ಕೆ ಹೋಗುತ್ತದೆ. ಉಚ್ಚಂಗಮ್ಮನವರ ಎರಡೂ ಮೊಣಕಾಲು ಸವೆದಿದ್ದವು. ಜನವರಿಯಲ್ಲಿ ಚೀಟಿ ಸಿಕ್ಕಿತು. ಸರಸ್ವತಿ ನಗರದ ನವಚರಣ ಮೂಳೆ ಆಸ್ಪತ್ರೆಗೆ ಹೋಗಿ ತೋರಿಸಿದರು. ಅಲ್ಲಿ ಡಾಕ್ಟರು ಎಲುಬಿನ ಗೊಂಬೆ ಹಿಡಿದು ಎಲ್ಲಿ ಕೊಯ್ಯುತ್ತೇವೆ ಎಂದು ವಿವರಿಸಿದ್ದೇ ತಡ, ಈಯಮ್ಮ ಚೀಟಿ ಅಲ್ಲೇ ಬಿಟ್ಟು ಊರಿಗೆ ವಾಪಸಾದರು. ಮೇ ತಿಂಗಳಲ್ಲಿ ನೋವು ತಡೆಯಲಾಗದೆ ಗಂಡನ ಜೊತೆ ಮತ್ತೆ ಪಾಲಿಕ್ಲಿನಿಕ್ಕಿಗೆ ಹೋದರೆ, ಡಾಕ್ಟರು ಕಂಪ್ಯೂಟರ್ ನೋಡಿ, ಫೆಬ್ರವರಿಯಲ್ಲೇ ಎರಡೂ ಮೊಣಕಾಲು ಬದಲಾಯಿಸಿ ಆಗಿದೆಯಲ್ಲಮ್ಮ ಅಂದರು. ಮಗ ಮಾರುತಿ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕಾರ್ಖಾನೆಯ ಖಾಸಗಿ ವಿಮೆ ತಂದೆತಾಯಿಗೂ ಅನ್ವಯಿಸುತ್ತಿತ್ತು. ಆಗಲಿ ಎಂದು ಅಲ್ಲಿ ಅರ್ಜಿ ಹಾಕಿದ. ಅವರೂ ಅದನ್ನೇ ಹೇಳಿದರು: ಫೆಬ್ರವರಿಯಲ್ಲಿ ಎರಡೂ ಮೊಣಕಾಲಿಗೆ ಹಣ ಪಾವತಿಯಾಗಿದೆ, ಇನ್ನು ಬರುವುದಿಲ್ಲ.

“ಅಂದ್ರೆ ಕಾಗದದ ಮೇಲೆ ನಿಮಗ ನಾಲ್ಕು ಹೊಸ ಮೊಣಕಾಲು ಅದಾವೆ,” ಅಂದರು ಇನ್‌ಸ್ಪೆಕ್ಟರ್.

“ಹೂಂ ಸಾಹೇಬ್ರೇ. ಎರಡು ಕೊಟ್ಟಿದ್ರೂ ಸಾಕಾಗಿತ್ತು.”

ಮಹಿಳಾ ಕಾನ್‌ಸ್ಟೇಬಲ್ ನುಜತ್ ದೂರನ್ನು ಟೈಪ್ ಮಾಡಿದಳು. ವಂಚನೆ, ಬೇರೆಯವರಂತೆ ನಟಿಸಿ ವಂಚನೆ, ಸುಳ್ಳು ದಾಖಲೆ ಸೃಷ್ಟಿ. ಈ ಕಲಮುಗಳಡಿ 11.55ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತರು’ ಎಂದು ಬರೆಯಲಾಯಿತು.

ಅದೇ ದಿನ ಮಧ್ಯಾಹ್ನ 3.15ಕ್ಕೆ ಇನ್‌ಸ್ಪೆಕ್ಟರ್, ಮೈಲಪ್ಪ, ನುಜತ್ ಮೂವರೂ ನವಚರಣ ಆಸ್ಪತ್ರೆ ತಲುಪಿದರು. ವಿಮೆ ಮತ್ತು ಯೋಜನೆಗಳ ಬಿಲ್ಲು ನೋಡಿಕೊಳ್ಳುವವನು ಗಣೇಶ, ಮೂವತ್ತನಾಲ್ಕರ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಅವನ ಬೆನ್ನ ಹಿಂದಿನ ಬೋರ್ಡಿನಲ್ಲಿ ತಿಂಗಳವಾರು ಗುರಿ, ಆದ ಸಾಧನೆ. ಮೂಳೆ ಮುರಿದುಕೊಳ್ಳುವವರಿಗೂ ಮಾಸಿಕ ಗುರಿ ಇರುತ್ತದೆಂದು ತಿಪ್ಪೇರುದ್ರಪ್ಪನವರಿಗೆ ಅವತ್ತೇ ಗೊತ್ತಾದದ್ದು.

“ಉಚ್ಚಂಗಮ್ಮ ಅನ್ನೋರು ಇಲ್ಲಿ ಅಡ್ಮಿಟ್ ಆಗಿದ್ರಾ?”

“ಆಗಿದ್ರು ಸರ್. ಫೆಬ್ರವರಿ ಹತ್ತರಿಂದ ಹದಿನೇಳು. ಕಾರ್ಡ್ ಇತ್ತು, ಪಾಲಿಕ್ಲಿನಿಕ್ ಚೀಟಿ ಇತ್ತು, ಓಟಿಪಿ ಬಂತು. ಎಲ್ಲಾ ಕ್ಲಿಯರ್ ಐತೆ.”

“ಕಾರ್ಡಿನ ಫೋಟೋಕ್ಕೂ ಪೇಷೆಂಟಿಗೂ ಹೊಂದಿತ್ತಾ?”

“ವಯಸ್ಸಾದೋರು ಎಲ್ಲಾ ಒಂದೇ ಥರ ಕಾಣ್ತಾರ್ರಿ ಸರ್.”

ತಿಪ್ಪೇರುದ್ರಪ್ಪನವರಿಗೆ ಮೈ ಉರಿಯಿತು. ಅವರ ತಾಯಿಗೆ ಎಂಬತ್ತೊಂದು. ಊರಲ್ಲಿ ಅವರಂಥ ಮುಖ ಇನ್ನೊಂದಿರಲಿಲ್ಲ.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದು ಎರಡು ಕಡತ ಜಪ್ತಿ ಮಾಡಿದರು. ಒಂದು ಸೈನಿಕರ ಯೋಜನೆಗೆ ಹೋದದ್ದು, ಇನ್ನೊಂದು ಖಾಸಗಿ ವಿಮೆಗೆ ಹೋದದ್ದು. ಇನ್‌ಸ್ಪೆಕ್ಟರಿಗೆ ಒಂದು ಚಾಳಿ ಇತ್ತು: ಯಾವ ಕಾಗದವನ್ನಾದರೂ ಕೊನೆಯ ಪುಟದಿಂದ ಓದುವುದು. ಮೊದಲ ಪುಟ ಬರೆಯುವಾಗ ಸುಳ್ಳುಗಾರ ಮೈಯೆಲ್ಲ ಎಚ್ಚರವಾಗಿರುತ್ತಾನೆ, ಕೊನೆಯ ಪುಟದ ಹೊತ್ತಿಗೆ ಅವನಿಗೂ ಊಟದ ಹೊತ್ತಾಗಿರುತ್ತದೆ ಎಂಬುದು ಅವರ ಸಿದ್ಧಾಂತ. ಕೃತಕ ಮೊಣಕಾಲಿನ ಪೊಟ್ಟಣದ ಮೇಲೆ ನಂಬರಿರುವ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತು ಬಿಲ್ಲಿನ ಕೊನೆಗೆ ಅಂಟಿಸಬೇಕು. ಒಂದು ಕಡತದಲ್ಲಿ ಅಸಲಿ ಚೀಟಿಗಳಿದ್ದವು. ಇನ್ನೊಂದರಲ್ಲಿ ಅವೇ ನಂಬರುಗಳ ಕಲರ್ ಜೆರಾಕ್ಸು.

“ಬಿಲ್ಲು ಎರಡು, ಮೊಣಕಾಲು ಒಂದೇ ಜೊತೆ,” ಅಂದರು. “ಅಂದ್ರೆ ಒಂದು ಆಪರೇಷನ್ ಖರೇನೇ ಆಗೈತೆ ಮೈಲಪ್ಪ. ಆ ಕಾಲಿಟ್ಟುಕೊಂಡು ಯಾರೋ ಓಡಾಡ್ತಿದಾರೆ.”

ವಾರ್ಡಿನ ನರ್ಸ್ ಮಾಬೂಬೀ ಹೇಳಿಕೆ ಕೊಟ್ಟರು. ಹೆಂಗಸು ಹೆಂಗಸಿನ ಹತ್ತಿರ ಬಾಯಿ ಬಿಡುತ್ತಾಳೆಂದು ಪ್ರಶ್ನೆ ಕೇಳಿದ್ದು ನುಜತ್.

“ಆ ಅಜ್ಜಿ ನೆನಪೈತೇನ್ರಿ ಸಿಸ್ಟರ್?”

“ಐತೆ. ‘ಉಚ್ಚಂಗಮ್ಮ’ ಅಂತ ಕೂಗಿದ್ರೆ ತಿರುಗಿ ನೋಡ್ತಿರ್ಲಿಲ್ಲ. ಕಿವಿ ಮಂದ ಅಂದ್ಕೊಂಡಿದ್ದೆ. ಆದ್ರೆ ಚಹಾ ಬಂತು ಅಂದ್ರೆ ಥಟ್ಟನೆ ಕೇಳಿಸ್ತಿತ್ತು.”

“ಊಟ ಯಾರು ತರ್ತಿದ್ರು?”

“ಮೊಮ್ಮಗಳು. ಕಾಲೇಜಿಗೆ ಹೋಗೋ ಹುಡುಗಿ. ಹದಡಿ ಬಸ್ಸಿಗೆ ಬರ್ತಿದ್ಲು. ಜೋಳದ ರೊಟ್ಟಿ ತಂದ್ರೆ ನನಗೂ ಒಂದು ಕೊಡ್ತಿದ್ಲು.”

ಕೊಕ್ಕನೂರಿನ ಉಚ್ಚಂಗಮ್ಮನವರಿಗೆ ಹದಡಿಯಿಂದ ಯಾಕೆ ರೊಟ್ಟಿ ಬರಬೇಕು? ನುಜತ್ ಆ ಸಾಲಿನ ಕೆಳಗೆ ಗೆರೆ ಎಳೆದಳು.

ಜೂನ್ 11. ಸರ್ಕಾರಿ ಆಸ್ಪತ್ರೆಯಲ್ಲಿ ಉಚ್ಚಂಗಮ್ಮನವರ ಎಕ್ಸ್‌ರೇ ತೆಗೆಸಲಾಯಿತು. ಎರಡೂ ಹುಟ್ಟಿನಿಂದ ಬಂದ ಮೊಣಕಾಲುಗಳು, ಶಸ್ತ್ರಚಿಕಿತ್ಸೆಯ ಗುರುತಿಲ್ಲ, ಸವೆತ ತೀವ್ರ ಎಂದು ಡಾಕ್ಟರು ಬರೆದರು. ಮೈಲಪ್ಪ ಹರಿಹರಕ್ಕೆ ಹೋಗಿ ಕಾರ್ಖಾನೆಯ ಗೇಟಿನಲ್ಲಿ ಮಾರುತಿಯನ್ನು ಕಂಡರು. ಜನವರಿಯಲ್ಲಿ ಅಮ್ಮನನ್ನು ತೋರಿಸಲು ಹೋದಾಗ, ಇರಲಿ ಎಂದು ತನ್ನ ವಿಮಾ ಕಾರ್ಡಿನ ಜೆರಾಕ್ಸನ್ನೂ ಗಣೇಶನ ಕೈಗೆ ಕೊಟ್ಟಿದ್ದೆ ಎಂದು ಅವನು ತಲೆ ಚಚ್ಚಿಕೊಂಡ. ಎರಡನೆಯ ಬಿಲ್ಲು ಹುಟ್ಟಿದ ದಾರಿ ಅಲ್ಲಿಗೆ ತಿಳಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಂತೆ, ಅತ್ತ ಯೋಜನೆಯವರೂ ಇತ್ತ ವಿಮೆಯವರೂ ಒಬ್ಬರನ್ನೊಬ್ಬರು ಕೇಳದೆ ಹಣ ಕಟ್ಟಿದ್ದರು.

ಉಳಿದದ್ದು ಒಂದೇ ಪ್ರಶ್ನೆ: ಉಚ್ಚಂಗಮ್ಮನವರ ಕಾರ್ಡು ಆಸ್ಪತ್ರೆಗೆ ಹೋದದ್ದು ಹೇಗೆ?

ಜೂನ್ 12, ಬೆಳಿಗ್ಗೆ 9 ಗಂಟೆ, ಕೊಕ್ಕನೂರು. ಗುತ್ತೆಪ್ಪನವರು ಹಳೆಯ ಕಬ್ಬಿಣದ ಟ್ರಂಕು ತೆಗೆದು ಹಸಿರು ಕ್ಯಾನ್ವಾಸಿನ ಚೀಲವೊಂದನ್ನು ಹೊರತಂದರು.

“ಕಾರ್ಡು ಈ ಚೀಲ ಬಿಟ್ಟು ಎಲ್ಲೂ ಹೋಗಲ್ಲ ಸರ್.”

ಕೊಕ್ಕನೂರು ಮತ್ತು ಸುತ್ತಲಿನ ಐದು ಮಂದಿ ಮಾಜಿ ಸೈನಿಕರು ಮಾಡಿಕೊಂಡ ಏರ್ಪಾಟು ಅದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತರಲು ತಿಂಗಳಿಗೊಮ್ಮೆ ಎಲ್ಲರೂ ಬಸ್ಸು ಹತ್ತುವುದೇಕೆ? ಪಾಳಿಯ ಮೇಲೆ ಒಬ್ಬರು ಹೋಗುವುದು. ಮನೆಯವರದೂ ಸೇರಿ ಎಂಟು ಕಾರ್ಡು ಚೀಲದಲ್ಲಿ ಹೋಗುತ್ತವೆ, ಎಂಟು ಜನರ ಮಾತ್ರೆ ಬರುತ್ತದೆ. ಪಾಳಿಯವನು ಫೋನು ಮಾಡಿ ಓಟಿಪಿ ಕೇಳಿದರೆ ಮರುಮಾತಿಲ್ಲದೆ ಹೇಳುವುದು.

“ಯಾಕ ಅಂತ ಕೇಳೋದಿಲ್ವೇನ್ರಿ?”

“ಡ್ಯೂಟಿ ಮೇಲಿರೋನ್ನ ಯಾಕ ಅಂತ ಕೇಳಬಾರ್ದು ಸರ್.”

“ಯಾರು ಯಾವಾಗ ಹೋದ್ರು ಅಂತ ನೆನಪೈತಾ?”

ಗುತ್ತೆಪ್ಪನವರಿಗೆ ಅವಮಾನವಾದಂತಾಯಿತು. “ನೆನಪು ಯಾಕ ಬೇಕು ಸರ್? ರಿಜಿಸ್ಟರ್ ಐತೆ.”

ಟ್ರಂಕಿನಿಂದ ಉದ್ದನೆಯ ನೋಟ್‌ಬುಕ್ ಹೊರಬಂತು. ಸೈನ್ಯದ ಗಾರ್ಡ್ ರೂಮಿನಲ್ಲಿ ಬಂದೂಕು ಕೊಟ್ಟು ತೆಗೆದುಕೊಂಡದ್ದನ್ನು ಬರೆಯುವ ಹಾಗೆಯೇ ಬರೆದಿದ್ದರು: ತಾರೀಖು, ಸಮಯ, ಕಾರ್ಡು ಹೊರಗೆ, ಕಾರ್ಡು ಒಳಗೆ, ಸಹಿ. ನಾಲ್ಕು ವರ್ಷದ್ದು. ಚೀಲ ತಂದಿಟ್ಟವನು ತಾನೇ ಬರೆದು ಸಹಿ ಮಾಡಿ ಹೋಗುತ್ತಿದ್ದ. ಒಬ್ಬರೂ ತಿರುಗಿಸಿ ನೋಡಿದವರಿಲ್ಲ. ಬರೆಯುವುದು ಶಿಸ್ತು, ಓದುವುದು ಅನುಮಾನ ಎಂಬುದು ಅವರ ಲೆಕ್ಕಾಚಾರ.

ಗುತ್ತೆಪ್ಪನವರು ಕನ್ನಡಕ ಏರಿಸಿ ತಾವೇ ಗಟ್ಟಿಯಾಗಿ ಓದಿದರು. “ಫೆಬ್ರವರಿ ಹತ್ತು. ಆರೂವರೆ. ಕಾರ್ಡು ಹೊರಗೆ ಎಂಟು. ರಮೇಶ. ಸಂಜೆ ಐದೂ ಹತ್ತು. ಕಾರ್ಡು ಒಳಗೆ...” ಅಲ್ಲಿಗೆ ಧ್ವನಿ ನಿಂತಿತು. ಮೈಲಪ್ಪ ಬಗ್ಗಿ ನೋಡಿ ಮುಗಿಸಿದರು: “ಏಳು. ಮುಂದಿನ ಸಾಲು, ಹದಿನೇಳನೇ ತಾರೀಖು. ಕಾರ್ಡು ಒಳಗೆ ಒಂದು. ರಮೇಶ.”

ಆಸ್ಪತ್ರೆಯಲ್ಲಿ ಸೇರಿಸಿದ ದಿನ, ಬಿಟ್ಟ ದಿನ.

ರಮೇಶ ಐವರಲ್ಲಿ ಎಲ್ಲರಿಗಿಂತ ಕಿರಿಯ, ಗುತ್ತೆಪ್ಪನವರ ಯೂನಿಟ್ಟಿನಲ್ಲೇ ಇದ್ದವನು. ಈಗ ದಾವಣಗೆರೆಯ ಬ್ಯಾಂಕೊಂದರಲ್ಲಿ ಬಂದೂಕಿನ ಕಾವಲುಗಾರ.

“ಅವನು ಅಂಥೋನಲ್ಲ ಸರ್,” ಅಂದರು ಗುತ್ತೆಪ್ಪ. “ನಾನೇ ಮುಂದೆ ನಿಂತು ಮದ್ವೆ ಮಾಡ್ಸಿದೀನಿ. ಹದಡಿ ಹುಡುಗಿ.”

ನುಜತ್ ತಲೆಯೆತ್ತಿದಳು. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಸುಮ್ಮನಿರು ಎಂದರು. ಆದರೆ ಆ ನೋಟ ಕಂಡ ಮುದುಕರಿಗೆ, ತಮ್ಮ ಮಾತೇ ರಮೇಶನನ್ನು ಸಿಕ್ಕಿಸಿತೆಂದು ಹೊಳೆದುಹೋಗಿತ್ತು.

“ಕಂಪ್ಲೇಂಟ್ ವಾಪಸ್ ತಗೊಳ್ತೀನಿ ಸರ್. ನಮ್ಮ ಹುಡುಗನ್ನ ನಾನು ಜೈಲಿಗೆ ಕಳಿಸಲ್ಲ.”

ಒಳಗಿನ ಮಂಚದ ಮೇಲೆ ಕೂತಿದ್ದ ಉಚ್ಚಂಗಮ್ಮನವರ ಧ್ವನಿ ಬಂತು. “ತಗೋರಿ. ತಗೊಂಡು ನನ್ನ ಕಾಲು ಯಾರಿಗೆ ಕೊಡ್ತೀರಿ? ಬಚ್ಚಲಿಗೆ ಹೋಗಾಕೆ ಗೋಡೆ ಹಿಡೀತೀನಿ, ಅದು ನಿಮ್ಮ ರಿಜಿಸ್ಟರ್‌ನಾಗೆ ಐತೇನು?”

“ಎಫ್‌ಐಆರ್ ಆದ ಮೇಲೆ ವಾಪಸ್ ತಗೊಳ್ಳೋದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ ಯಜಮಾನ್ರೇ,” ಅಂದರು ತಿಪ್ಪೇರುದ್ರಪ್ಪ. “ಸುಳ್ಳು ಬಿಲ್ಲು ಸುಳ್ಳು ಅಂತ ಸಾಬೀತಾದ್ರೆ ಮಾತ್ರ ಅಮ್ಮನಿಗೆ ಆಪರೇಷನ್.” ರಿಜಿಸ್ಟರನ್ನು ಪಂಚನಾಮೆ ಮಾಡಿ ಪಡೆದರು. ಗುತ್ತೆಪ್ಪನವರು ಸಹಿ ಮಾಡಿದರು.

ಜೂನ್ 13, ಬೆಳಿಗ್ಗೆ 11 ಗಂಟೆ, ಹದಡಿ. ನುಜತ್ ಮತ್ತು ಮೈಲಪ್ಪ ಹೊನ್ನಕ್ಕನ ಮನೆ ಕೇಳಿಕೊಂಡು ಹೋದಾಗ, ಬಾಗಿಲು ತೆರೆಯಲು ಆಕೆ ಹಿತ್ತಲಿನಿಂದ ದಾಪುಗಾಲು ಹಾಕಿಕೊಂಡು ಬಂದರು. ಎಪ್ಪತ್ತರ ಮುದುಕಿ. ರಮೇಶನ ಅತ್ತೆ.

“ಬರ್ರಿ, ಕೂಡ್ರಿ. ನಮ್ಮ ಹುಡುಗಿ ಕಾಲೇಜಿಗೆ ಹೋಗ್ಯಾಳೆ.”

“ಅಜ್ಜಿ, ಮೊಣಕಾಲು ಆಪರೇಷನ್ ಆಗೈತೇನು?”

“ಆಗೈತಲ್ಲ!” ಆಕೆ ಹೆಮ್ಮೆಯಿಂದ ಸೀರೆ ಎತ್ತಿ ಎರಡೂ ಗುರುತು ತೋರಿಸಿದರು. “ಅಳಿಯ ಮಾಡ್ಸಿದ. ಹೆತ್ತ ಮಕ್ಕಳೂ ಮಾಡಲ್ಲ ಬಿಡವ್ವ.”

“ಆಸ್ಪತ್ರೇಲಿ ನಿಮ್ಮನ್ನ ಏನಂತ ಕರೀತಿದ್ರು?”

“ಉಚ್ಚಂಗಮ್ಮ ಅಂತ. ಅಲ್ಲಿ ಹಂಗೇ ಬರ್ಸಬೇಕಂತೆ ಅಂದ ಅಳಿಯ. ದೇವಿ ಹೆಸರಲ್ಲ, ಒಳ್ಳೇದೇ ಆತು ಅಂದೆ.”

ನುಜತ್ ಪೆನ್ನು ಮುಚ್ಚಿದಳು. ನಿಜ ಹೇಳಿದ್ದು ಮೈಲಪ್ಪ, ಆದಷ್ಟು ಮೆಲ್ಲಗೆ. ಅದೇ ಹೆಸರಿನ ಇನ್ನೊಬ್ಬ ಹೆಂಗಸು ಕೊಕ್ಕನೂರಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಾಳೆ ಎಂದು ತಿಳಿದಾಗ ಹೊನ್ನಕ್ಕ ಸೀರೆ ಕೆಳಗೆ ಬಿಟ್ಟು ಎರಡೂ ಕೈಯಿಂದ ಮೊಣಕಾಲು ಮುಚ್ಚಿಕೊಂಡರು.

ಅದೇ ದಿನ ಸಂಜೆ 4.30ಕ್ಕೆ ರಮೇಶ ಯಾರೂ ಕರೆಯದೆ ಠಾಣೆಗೆ ಬಂದ. ಅತ್ತೆ ಫೋನು ಮಾಡಿದ್ದರು. ಬಂದೂಕನ್ನು ಬ್ಯಾಂಕಿಗೆ ಒಪ್ಪಿಸಿ, ಪಾಳಿ ಬದಲಿ ಮಾಡಿಸಿ ಬಂದಿದ್ದ.

“ಕಾರ್ಡು ತಗೊಂಡೋನು ನೀನೇನಾ?”

“ನಾನೇ ಸರ್.”

“ಯಾರು ಹೇಳ್ಕೊಟ್ಟಿದ್ದು?”

“ಅತ್ತೇನ ತೋರ್ಸಾಕೆ ಹೋಗಿದ್ದೆ. ಅತ್ತೆಗೆ ಯೋಜನೇಲಿ ಬರಲ್ಲ, ತಂದೆತಾಯಿಗೆ ಮಾತ್ರ ಅಂತ ಗಣೇಶ ಹೇಳಿದ. ಆಮೇಲೆ ಅವನೇ, ನಿಮ್ಮೂರಿನಾಕಿದೊಂದು ಚೀಟಿ ಸುಮ್ನೆ ಬಿದ್ದೈತೆ, ಆಕಿ ಬರಲ್ಲ, ಕಾರ್ಡು ತಗೊಂಬಾ ಅಂದ.”

“ಬೇಲಿನೇ ಎದ್ದು ಹೊಲ ಮೇಯೋದಾ?”

“ಸತ್ರೂ ಕೊಯ್ಸಿಕೊಳ್ಳಲ್ಲ ಅಂತ ಉಚ್ಚಂಗಮ್ಮನೋರು ಎಲ್ಲಾರ ಮುಂದೆ ಅಂದಿದ್ರು ಸರ್. ಬ್ಯಾಡಾದ ಚೀಟಿ ಅಂದ್ಕೊಂಡೆ. ಮುಂದೆ ಅವರಿಗೆ ಸಿಗೋದೇ ಇಲ್ಲ ಅಂತ ಗೊತ್ತಿರ್ಲಿಲ್ಲ.”

“ವಿಮೆಗೆ ಇನ್ನೊಂದು ಬಿಲ್ಲು ಹೋಗಿದ್ದು?”

“ಅದು ನೀವು ಹೇಳಿದ ಮೇಲೇ ಗೊತ್ತಾಗಿದ್ದು.”

“ಹಂಗಾದ್ರೆ ರಿಜಿಸ್ಟರ್‌ನಾಗೆ ಏಳು ಅಂತ ಯಾಕ ಬರ್ದೆ? ಎಂಟು ಅಂತ ಬರ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

ರಮೇಶ ಮೊದಲ ಸಲ ತಬ್ಬಿಬ್ಬಾದ. ಆ ಯೋಚನೆಯೇ ಅವನಿಗೆ ಬಂದಿರಲಿಲ್ಲ. “ಗಾರ್ಡ್ ರಿಜಿಸ್ಟರ್‌ನಾಗೆ ಸುಳ್ಳು ಹೆಂಗೆ ಬರೀತಾರೆ ಸರ್?” ಅಂದ.

ತಿಪ್ಪೇರುದ್ರಪ್ಪನವರಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಆಸ್ಪತ್ರೆಯ ಕಂಪ್ಯೂಟರಿಗೆ ಸುಳ್ಳು ಹೇಳಬಲ್ಲ, ಹನ್ನೆರಡು ರೂಪಾಯಿಯ ನೋಟ್‌ಬುಕ್ಕಿಗೆ ಹೇಳಲಾರ. ಇಂಥವನನ್ನು ಏನು ಮಾಡಬೇಕು? ಕಾನೂನು ಹೇಳಿದ್ದನ್ನು ಮಾಡಿದರು. ಸಂಜೆ 6.10ಕ್ಕೆ ರಮೇಶನ ದಸ್ತಗಿರಿ.

ಗಣೇಶನನ್ನು 7.20ಕ್ಕೆ ಆಸ್ಪತ್ರೆಯಲ್ಲೇ ಹಿಡಿದರು. ಅವನು ಸುಲಭಕ್ಕೆ ಬಗ್ಗಲಿಲ್ಲ. ಚೀಟಿಯ ನಂಬರು ತೋರಿಸಿದರೆ ತಾಂತ್ರಿಕ ದೋಷ ಎಂದ. ಹೊನ್ನಕ್ಕನ ಹೇಳಿಕೆ ಓದಿದರೆ ನೆನಪಿಲ್ಲ ಎಂದ. ಕಲರ್ ಜೆರಾಕ್ಸ್ ತೆಗೆದ ದಿನದ ಅಂಗಡಿಯ ರಸೀದಿಯನ್ನು ಮೈಲಪ್ಪ ಅವನದೇ ಡ್ರಾಯರಿನಿಂದ ಎತ್ತಿ ಮೇಜಿನ ಮೇಲಿಟ್ಟಾಗ ಕುಳಿತುಬಿಟ್ಟ. ಆ ಡ್ರಾಯರಿನಲ್ಲಿ ಅಂಥ ಇನ್ನೂ ಒಂಬತ್ತು ಕಡತಗಳ ಚೀಟಿಗಳಿದ್ದವು. ಆಸ್ಪತ್ರೆಯ ಆಡಳಿತದವರಿಗೂ ವಿಚಾರಣೆಗೆ ಬರಲು ನೋಟಿಸು ಹೋಯಿತು.

“ಮೂರು ತಿಂಗಳು ಗುರಿ ಮುಟ್ಟದಿದ್ರೆ ಕೆಲಸದಿಂದ ತೆಗೀತಾರೆ ಸರ್,” ಅಂದ ಗಣೇಶ. “ಮೊದಲ ಸಲ ಹೆದರಿ ಮಾಡಿದೆ. ಗುರಿ ಮುಟ್ಟಿತು, ಎಲ್ರೂ ಚಪ್ಪಾಳೆ ಹೊಡೆದ್ರು. ಆಮೇಲೆ ಗುರಿ ಇನ್ನೂ ಏರಿಸಿದ್ರು.”

ಜೂನ್ 14, ಶನಿವಾರ, ಬೆಳಿಗ್ಗೆ 10.15. ಆರೋಪಿಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಸಿದ್ಧವಾಗಿತ್ತು. ಹೊನ್ನಕ್ಕ ಮೊಮ್ಮಗಳು ದುರ್ಗಾಳ ಜೊತೆ ಅಂಗಳದಲ್ಲಿ ನಿಂತಿದ್ದರು. ಅವರು ಓದು ಬಾರದವರು, ಮೋಸ ತಿಳಿಯದೆ ಹೆಬ್ಬೆಟ್ಟು ಒತ್ತಿದವರು. ಇನ್‌ಸ್ಪೆಕ್ಟರ್ ಅವರನ್ನು ಆರೋಪಿಯಲ್ಲ, ಸಾಕ್ಷಿ ಎಂದು ಬರೆದುಕೊಂಡಿದ್ದರು. ಅಷ್ಟರಲ್ಲಿ ಆಟೋದಿಂದ ಉಚ್ಚಂಗಮ್ಮ ಇಳಿದರು, ಗಂಡನ ಹೆಗಲು ಹಿಡಿದು. ಎರಡನೇ ಹೇಳಿಕೆಗೆ ಬರಹೇಳಿದ್ದು ಅದೇ ದಿನ. ಬೇಕೆಂದೇ ಹಾಗೆ ಮಾಡಿದರೋ, ಮರೆತು ಮಾಡಿದರೋ, ತಿಪ್ಪೇರುದ್ರಪ್ಪ ಯಾರಿಗೂ ಹೇಳಲಿಲ್ಲ.

ಹೊನ್ನಕ್ಕ ಕಾಲಿಗೆ ಬೀಳಲು ಹೋದರು. ಉಚ್ಚಂಗಮ್ಮ ತಡೆದರು.

“ಬಗ್ಗಬ್ಯಾಡ್ರಿ, ಹೊಸ ಕಾಲು. ನನ್ನ ಹೆಸರಿಗಾದದ್ದು, ಜ್ವಾಕಿ.”

“ತಪ್ಪಾತು ತಾಯಿ. ಬೇಕಾದ್ರೆ ಬಿಚ್ಚಿ ಕೊಡಂಗಿದ್ರೆ ಕೊಡ್ತಿದ್ದೆ.”

“ಅದು ಇರ್ಲಿ. ಒಂದು ಮಾತು ಖರೇ ಹೇಳ್ರಿ. ಬಾಳ ನೋಯ್ತದೇನು?”

ಮೇ ತಿಂಗಳಿನಿಂದ ಆಪರೇಷನ್ ಕೇಳಿ ಎಲ್ಲ ಬಾಗಿಲು ತಟ್ಟಿದ ಈ ಹೆಂಗಸಿಗೆ ಹೆದರಿಕೆ ಇನ್ನೂ ಹೋಗಿರಲಿಲ್ಲ. ಡಾಕ್ಟರು ಹೇಳಿದರೆ ನಂಬಿಕೆಯಿಲ್ಲ, ಗಂಡಸರನ್ನು ಕೇಳಿ ಪ್ರಯೋಜನವಿಲ್ಲ. ಕೊಯ್ಸಿಕೊಂಡವಳು ಸಿಕ್ಕಿದ್ದು ಇದೇ ಮೊದಲು.

“ಎಂಟು ದಿನ ನೋಯ್ತದೆ. ಸುಳ್ಳು ಹೇಳಲ್ಲ. ಅತ್ತೀನಿ ಕೂಡ. ಆಮೇಲೆ ನೋಡ್ರಿ.” ಹೊನ್ನಕ್ಕ ಸೆರಗು ಬಿಗಿದು ಅಂಗಳದ ಆ ತುದಿಯ ಬೇವಿನ ಮರದವರೆಗೆ ನಡೆದು ಹೋದರು, ಯಾರ ಕೈಯನ್ನೂ ಹಿಡಿಯದೆ ವಾಪಸು ಬಂದರು. ಉಚ್ಚಂಗಮ್ಮ ಅವರ ಮುಖ ನೋಡಲೇ ಇಲ್ಲ. ಹೋಗಿ ಬರುವವರೆಗೆ ಕಾಲುಗಳನ್ನೇ ನೋಡಿದರು.

“ಹಂಗಾದ್ರೆ ನಾನೂ ಮಾಡ್ಸಿಕೊಳ್ತೀನಿ,” ಅಂದರು. “ಆದ್ರೆ ಅವತ್ತು ನನ್ನ ಪಕ್ಕದಾಗೆ ನೀವು ಕೂಡ್ರಬೇಕು. ಈ ಸಲ ನಿಮ್ಮ ಹೆಸರಿಂದಾನೇ ಬರ್ರಿ.”

ಜೀಪಿನ ಹತ್ತಿರ ನಿಂತಿದ್ದ ರಮೇಶ ಅಳತೊಡಗಿದ. ಗುತ್ತೆಪ್ಪನವರು ಅವನ ಹತ್ತಿರ ಹೋಗಿ, ಅಂಗಿಯ ಬಿಚ್ಚಿದ್ದ ಗುಂಡಿಯೊಂದನ್ನು ಹಾಕಿದರು. ಸೈನ್ಯದಲ್ಲಿ ಹಿರಿಯರನ್ನು ಕರೆಯುತ್ತಿದ್ದ ಹಾಗೆ “ಉಸ್ತಾದ್,” ಎಂದಷ್ಟೇ ಅಂದ ರಮೇಶ. ಜೀಪು ಹೊರಟಿತು.

ಎಕ್ಸ್‌ರೇ ವರದಿ ಮತ್ತು ಎಫ್‌ಐಆರ್ ಪ್ರತಿಯೊಂದಿಗೆ ಜೂನ್ 16ರಂದು ಎರಡು ಪತ್ರಗಳು ಹೋದವು, ಒಂದು ಯೋಜನೆಗೆ, ಒಂದು ವಿಮೆಗೆ. ಜುಲೈ 2ರಂದು ಉಚ್ಚಂಗಮ್ಮನವರ ದಾಖಲೆ ಸರಿಯಾಯಿತು. ಜುಲೈ 21ರಂದು ಬೇರೊಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂರನೇ ದಿನ ಅವರು ಎಂಟು ಹೆಜ್ಜೆ ನಡೆದರೆಂದು ಗುತ್ತೆಪ್ಪನವರು ಠಾಣೆಗೆ ಫೋನು ಮಾಡಿ ವರದಿ ಒಪ್ಪಿಸಿದರು.

ದೋಷಾರೋಪ ಪಟ್ಟಿಯಲ್ಲಿ ಮನಸ್ಸಿನ ಕಾರಣಕ್ಕೆ ಹೆಚ್ಚು ಜಾಗವಿರುವುದಿಲ್ಲ. ತಿಪ್ಪೇರುದ್ರಪ್ಪ ಗಣೇಶನದನ್ನು ಒಂದೇ ಸಾಲಿನಲ್ಲಿ ಬರೆದರು: ಕೆಲಸ ಹೋಗುವ ಭಯ, ನಂತರ ಹೊಗಳಿಕೆಯ ರುಚಿ. ರಮೇಶನದಕ್ಕೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಅವನು ಗಡಿಯಲ್ಲಿದ್ದಾಗ ಹೆಂಡತಿ ಹೆರಿಗೆಯಾದ ಮೂರನೇ ದಿನ ತೀರಿಕೊಂಡಿದ್ದಳು. ರಜೆ ಸಿಕ್ಕಿ ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಆ ಕೂಸನ್ನು ಹದಿನೆಂಟು ವರ್ಷ ಎತ್ತಿ ಆಡಿಸಿ, ಓದಿಸಿ, ದುರ್ಗಾ ಎಂಬ ಕಾಲೇಜು ಹುಡುಗಿಯನ್ನಾಗಿ ಮಾಡಿದವರು ಹೊನ್ನಕ್ಕ. ಸರ್ಕಾರದ ಪಟ್ಟಿಯಲ್ಲಿ ತಾಯಿ ಎಂದರೆ ಹೆತ್ತವಳು ಮಾತ್ರ. ‘ಆರೋಪಿಯು ತನ್ನ ಮಗಳನ್ನು ಸಾಕಿದವರ ಋಣ ತೀರಿಸಲು ಈ ಕೃತ್ಯ ಎಸಗಿರುತ್ತಾನೆ’ ಎಂದು ಬರೆದು, ಅದರ ಕೆಳಗೆ ಸಾಕ್ಷಿಗಳ ಪಟ್ಟಿ ಶುರುಮಾಡಿದರು.

ಜುಲೈಯಲ್ಲಿ ಉಚ್ಚಂಗಮ್ಮನವರಿಗೆ ಆಪರೇಷನ್ ಆದ ಆಸ್ಪತ್ರೆಯಿಂದ ತರಿಸಿಕೊಂಡ ಕಾಗದಗಳಲ್ಲಿ ರೋಗಿಯ ಜೊತೆ ಉಳಿದವರ ನಮೂನೆಯೂ ಇತ್ತು. ಹೆಸರು: ಹೊನ್ನಕ್ಕ. ಊರು: ಹದಡಿ. ರೋಗಿಗೆ ಏನಾಗಬೇಕು ಎಂಬಲ್ಲಿ ನರ್ಸು ಕೇಳಿ ಬರೆದುಕೊಂಡಿದ್ದಳು: ಅಕ್ಕ.